ಸಾಂಬ್ರಾದ ಬಯಲು, ಕಾನ್ಪುರದ ಗುಜರಿ ಮತ್ತು ನಮ್ಮ ಕಾಕಾ

ಬೆಳಗಾವಿಯಿಂದ ಬಾಗಲಕೋಟೆಯ ದಾರಿ ಹಿಡಿದು ಪೂರ್ವಾಭಿಮುಖವಾಗಿ ಹೊರಟರೆ ಆರೇಳು ಮೈಲಿಗಳಲ್ಲಿ ಸಾಂಬ್ರಾ ಎಂಬ ಗ್ರಾಮವು ಎದುರಾಗುತ್ತದೆ. ಇಂದು ಆ ಹೆಸರು ಕೇಳಿದವರಿಗೆ ವಿಮಾನ ನಿಲ್ದಾಣವೂ ವಾಯುಪಡೆಯ ತರಬೇತಿ ಶಾಲೆಯೂ ನೆನಪಾಗುವುದು ಸಹಜ. ನಮ್ಮ ಹಿರಿಯರಿಗೆ ಮಾತ್ರ ಅದು ಬರಿಯ ಜೋಳದ ಹೊಲಗಳ ಬಯಲಾಗಿತ್ತು. ಎರಡನೆಯ ಮಹಾಯುದ್ಧವು ಬರ್ಮಾದ ಗಡಿಯನ್ನು ಮುಟ್ಟಿದ 1942ರಲ್ಲಿ ಬ್ರಿಟಿಷರ ವಾಯುಪಡೆಯವರು ಆ ಬಯಲಿನಲ್ಲಿ ವಿಮಾನಗಳು ಇಳಿಯುವ ಪಟ್ಟಿಯನ್ನು ಕಟ್ಟಿಸಿದರು. ಸುತ್ತಲಿನ ಹಳ್ಳಿಗಳ ಜನರು ಖಡಿ ಹೊರುವ ಕೂಲಿಗೆ ಹೋದರು. ನಮ್ಮ ಊರು ಅಲ್ಲಿಂದ ಎರಡು ಹರದಾರಿ. ಹಾಗೆ ಹೋದವರಲ್ಲಿ ನಮ್ಮ ತಂದೆಯವರ ಕಿರಿಯ ಸಹೋದರರೂ ಒಬ್ಬರು. ಆಗ ಅವರಿಗೆ ಹದಿನೇಳು ವರ್ಷ.

ಕಾಕಾ ಓದಿದ್ದು ಮುಲ್ಕಿ ಪರೀಕ್ಷೆಯ ಹತ್ತಿರದವರೆಗೆ. ಒಕ್ಕಲುತನದ ಮನೆ, ಮೂವರು ಅಣ್ಣತಮ್ಮಂದಿರಿಗೆ ಹಂಚಿದರೆ ಹೊಟ್ಟೆ ತುಂಬದಷ್ಟು ಹೊಲ. ಬುಟ್ಟಿಯಲ್ಲಿ ಖಡಿ ಹೊತ್ತು ಸುರಿಯುತ್ತಿದ್ದ ಹುಡುಗನು ಒಂದು ದಿನ ಆ ಪಟ್ಟಿಯ ಮೇಲೆ ಇಳಿದ ವಿಮಾನವನ್ನು ಹತ್ತಿರದಿಂದ ಕಂಡನಂತೆ. ಎಲ್ಲರೂ ಅದರ ರೆಕ್ಕೆಯನ್ನು ನೋಡುತ್ತ ನಿಂತಿರುವಾಗ, ಈತನು ಮಾತ್ರ ಇಂಜಿನ್ನಿನ ಮುಚ್ಚಳ ತೆಗೆದು ಒಳಗೆ ಕೈಹಾಕಿ ನಿಂತಿದ್ದ ಮಿಸ್ತ್ರಿಯನ್ನು ನೋಡುತ್ತಿದ್ದನಂತೆ. ಈ ಮಾತನ್ನು ನಮಗೆ ಹೇಳಿದವರು ನಮ್ಮ ಅಜ್ಜಿ. ಆ ದಿನದಿಂದ ಅವನ ಲಕ್ಷ್ಯ ಹೊಲದ ಮೇಲೆ ನಿಲ್ಲಲಿಲ್ಲ ಎಂದು ಅವರು ದೂರಿನ ಧ್ವನಿಯಲ್ಲಿಯೇ ಹೇಳುತ್ತಿದ್ದರು. 1944ರಲ್ಲಿ ಕಾಕಾ ಯಾರಿಗೂ ಹೇಳದೆ ಬೆಂಗಳೂರಿಗೆ ಹೊರಟುಹೋದರು. ಮುಂಬಯಿ ಪ್ರಾಂತದ ಬೆಳಗಾವಿಯಿಂದ ಮೈಸೂರು ಸಂಸ್ಥಾನದ ಬೆಂಗಳೂರಿಗೆ ಹೋಗುವುದೆಂದರೆ ಆ ಕಾಲಕ್ಕೆ ಪರದೇಶಕ್ಕೆ ಹೋದಂತೆಯೇ.

ಅಲ್ಲಿ ಏನಿತ್ತೆಂಬುದನ್ನು ನಮ್ಮ ಕಿರಿಯ ವಾಚಕರಿಗಾಗಿ ಸಂಕ್ಷೇಪವಾಗಿ ನಿವೇದಿಸಬೇಕು. ಉದ್ಯಮಿ ವಾಲಚಂದ್ ಹೀರಾಚಂದರು ಮೈಸೂರು ಸರಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದ್ದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಉತ್ಸಾಹದಿಂದ ಭೂಮಿಯೂ ಬಂಡವಾಳವೂ ವಿದ್ಯುತ್ತೂ ದೊರೆತವು. 1941ರ ಆಗಸ್ಟ್ ತಿಂಗಳಲ್ಲಿ ಹಾರ್ಲೋ ಎಂಬ ಪುಟ್ಟ ತರಬೇತಿ ವಿಮಾನವು ಅಲ್ಲಿ ಜೋಡಣೆಗೊಂಡು ಮೇಲೇರಿತು. ಯುದ್ಧವು ತೀವ್ರವಾದಂತೆ ಹೊಸ ವಿಮಾನ ಕಟ್ಟುವ ಕನಸನ್ನು ಬದಿಗಿರಿಸಿ, 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನೆಗೆ ವಹಿಸಿಕೊಡಲಾಯಿತು. ಪೂರ್ವರಂಗದಲ್ಲಿ ಗಾಯಗೊಂಡ ವಿಮಾನಗಳಿಗೆಲ್ಲ ಅದು ಆಸ್ಪತ್ರೆಯಾಯಿತು. ಡಕೋಟಾಗಳು ಬಂದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ಬಂದವು; ಅವು ಇಳಿಯುತ್ತಿದ್ದುದು ಬೆಳ್ಳಂದೂರು ಕೆರೆಯಲ್ಲಿ. ಇತ್ತೀಚಿನ ವರ್ಷಗಳಲ್ಲಿ ವಿಷದ ನೊರೆಯಿಂದಲೂ ಬೆಂಕಿಯಿಂದಲೂ ಸುದ್ದಿಯಾದ ಅದೇ ಕೆರೆ! ಕಾಕಾ ಸೇರಿದ ಮೊದಲ ತಿಂಗಳಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಹಗ್ಗ ಹಿಡಿದು ಅಂತಹ ದೋಣಿವಿಮಾನವನ್ನು ದಡಕ್ಕೆ ಎಳೆದವರಲ್ಲಿ ತಾವೂ ಇದ್ದುದಾಗಿ ಹೇಳುತ್ತಿದ್ದರು. ಎತ್ತಿನ ಮೈತೊಳೆಯಲು ಹಳ್ಳಕ್ಕೆ ಇಳಿದ ಅನುಭವವು ಅಲ್ಲಿ ಉಪಯೋಗಕ್ಕೆ ಬಂತೆಂದು ನಗುತ್ತಿದ್ದರು.

ಅವರಿಗೆ ದೊರೆತ ಕೆಲಸ ರಿವೆಟ್ಟಿನದು. ವಿಮಾನದ ಮೈಯೆಂದರೆ ತೆಳುವಾದ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆ. ಹಾಳೆಗೆ ಹಾಳೆ ಸೇರಿಸಲು ಸಾವಿರಾರು ರಿವೆಟ್ಟುಗಳು ಬೇಕು. ಹೊರಗೆ ನಿಂತವನು ಗಾಳಿಯ ಸುತ್ತಿಗೆಯಿಂದ ರಿವೆಟ್ಟಿನ ತಲೆಗೆ ಹೊಡೆಯುತ್ತಾನೆ. ಒಳಗೆ ಕುಳಿತವನು ಭಾರವಾದ ಕಬ್ಬಿಣದ ತುಂಡೊಂದನ್ನು ಅದರ ಬಾಲಕ್ಕೆ ಒತ್ತಿ ಹಿಡಿಯುತ್ತಾನೆ. ಹಾಗೆ ಒತ್ತಿ ಹಿಡಿದಾಗಲೇ ಬಾಲವು ಚಪ್ಪಟೆಯಾಗಿ ಹಾಳೆಗಳು ಬಿಗಿಯುವುದು. ಎಳೆಯ ವಯಸ್ಸು, ಸಣಕಲು ಮೈ. ಇಕ್ಕಟ್ಟಾದ ಬಾಲದೊಳಗೆ ನುಸುಳಬಲ್ಲವರೆಂದು ಕಾಕಾರನ್ನು ಒಳಗೆ ಕೂರಿಸಿದರು. ಮುಚ್ಚಿದ ಡಬ್ಬಿಯೊಳಗೆ ಕುಳಿತವನ ತಲೆಯ ಸುತ್ತ ಇಡೀ ದಿನ ಸುತ್ತಿಗೆ ಬಡಿದರೆ ಕಿವಿಯ ಗತಿ ಏನಾದೀತು? ಮೂವತ್ತೈದು ವರ್ಷ ತುಂಬುವುದರೊಳಗೆ ಕಾಕಾನ ಕಿವಿ ಮಂದವಾಗಿತ್ತು. ಊರಿಗೆ ಬಂದಾಗ ಎಲ್ಲರೂ ಅವರೊಡನೆ ಕೂಗಿ ಮಾತನಾಡುವುದು ರೂಢಿಯಾಗಿತ್ತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿ ಇರಿಸಿಕೊಳ್ಳಬೇಕೆಂದು ಪ್ರಾರ್ಥನೆ.

ಇನ್ನು ನಮ್ಮ ವಿಷಯ. ನಾವು ಹನ್ನೆರಡನೆಯ ವಯಸ್ಸಿನಿಂದ ಮಠದ ಪಾಠಶಾಲೆಯಲ್ಲಿ ಬೆಳೆದವರು. ವ್ಯಾಕರಣ, ತರ್ಕ, ಕಾವ್ಯಗಳ ಅಭ್ಯಾಸವಾಗಿ ಇಪ್ಪತ್ತರ ಹೊತ್ತಿಗೆ ನಾಲಿಗೆಯು ಹದವಾಗಿತ್ತು. ಬುದ್ಧಿ ಹದವಾಗಿತ್ತೆಂದು ಹೇಳಲಾರೆವು. ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳನ್ನು ಬೆರಳು ಮಡಿಸಿ ಎಣಿಸುವುದು, ಎದುರಿಗಿದ್ದವರ ಮಾತಿನಲ್ಲಿ ದೋಷ ಹುಡುಕುವುದು, ಇದೇ ನಮಗೆ ವಿದ್ಯೆಯೆನಿಸಿತ್ತು.

1978ರ ದೀಪಾವಳಿ. ನಾವು ಪಾಠಶಾಲೆಯಿಂದಲೂ ಕಾಕಾ ಬೆಂಗಳೂರಿನಿಂದಲೂ ಊರಿಗೆ ಬಂದಿದ್ದೆವು. ಸಂಜೆಗೆ ಗುಡಿಯ ಮುಂದಿನ ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕುಳಿತಿದ್ದಾಗ ಸಾಂಬ್ರಾದ ಕಡೆಗೆ ಒಂದು ವಿಮಾನ ಕೆಳಗಿಳಿಯುತ್ತ ಹೋಯಿತು. ಕಾಕಾ ತಲೆಯೆತ್ತಿ ನೋಡಲಿಲ್ಲ. ಎದೆಯ ಮೇಲೆ ಅಂಗೈ ಇಟ್ಟುಕೊಂಡು, ‘ಡಕೋಟಾ’ ಎಂದರು. ಕಿವಿಗೆ ಕೇಳದಿದ್ದರೂ ಅದರ ಗುಡುಗು ಎದೆಯ ಎಲುಬಿಗೆ ತಿಳಿಯುತ್ತದೆಂದು ಹೇಳಿದರು. ಅಲ್ಲಿಂದ ಮಾತು ಬೆಳೆಯಿತು.

“ಅಂಥಾ ಇಂಜಿನ್ ಎರಡು ಇದ್ರ ಡಕೋಟಾ. ಅವೇ ನಾಕು ಹಾಕಿದ್ರ ಲಿಬರೇಟರ್ ಆಗತೈತಿ. ಇಂಗ್ರೇಜರು ಹೋಗೂ ಮುಂದ ಕಾನ್ಪುರದಾಗ ಅವನ್ನ ಒಡದು ಹಾಕಿ ಹೋಗಿದ್ರು. ನಾವು ಹೋಗಿ ಕೂಡ್ಸಿ ಹಾರಿಸಿದ್ವಿ. ಒಂದಲ್ಲ, ಎರಡಲ್ಲ, ನಲವತ್ತೆರಡು.”

ಕಟ್ಟೆಯ ಮೇಲಿನ ಹಿರಿಯರು ಹುಬ್ಬೇರಿಸಿದರು. ಒಬ್ಬರು ಅದು ಎಷ್ಟು ದೊಡ್ಡದೆಂದು ಕೂಗಿ ಕೇಳಿದರು. ರೆಕ್ಕೆಯ ತುದಿಯಿಂದ ತುದಿಗೆ ನೂರಾ ಹತ್ತು ಅಡಿ ಎಂದು ಹೇಳಿ, ಅದರ ಹೊಟ್ಟೆಯ ಬಾಗಿಲನ್ನು ಕಾಕಾ ವರ್ಣಿಸತೊಡಗಿದರು. ಬಾಂಬು ಬೀಳಿಸುವ ಬಾಗಿಲು ಮನೆಯ ಕದದಂತೆ ತೆರೆಯುವುದಿಲ್ಲ, ಪೇಟೆಯ ಅಂಗಡಿಯ ಶಟರಿನಂತೆ ಸರಿದು ಪಕ್ಕೆಯ ಮೇಲೆ ಸುತ್ತಿಕೊಂಡು ಏರುತ್ತದೆ ಎಂದರು. ಎರಡೂ ಕೈಗಳನ್ನು ಎತ್ತಿ ತೋರಿಸಿದರು.

ಆಗ ನಾವು ಬಾಯಿ ಹಾಕಿದೆವು. “ಕಾಕಾ, ಇದಕ್ಕ ಪ್ರಮಾಣ ಏನ್ರಿ? ಯಾವ ಪುಸ್ತಕದಾಗ ಬರದೈತಿ? ಒಡದು ಹಾಕಿದ್ದು ಹಾರಿತು ಅಂದ್ರ ಯಾರ ನಂಬಬೇಕು? ಶಟರ್ ಬ್ಯಾರೆ! ಹಂಗಾರ ಆಕಾಶದಾಗ ಕಿರಾಣಿ ಅಂಗಡಿ ತೆರದಿದ್ರಿ ಅನ್ರಿ!”

ಕಟ್ಟೆಗೆ ಕಟ್ಟೆಯೇ ನಕ್ಕಿತು. ಕೂಗಿ ಹೇಳದೆ ಸಹಜ ಧ್ವನಿಯಲ್ಲಿ ಹೇಳಿದ ಮಾತದು. ಕಾಕಾ ಎತ್ತಿದ ಕೈಗಳನ್ನು ಇಳಿಸಿ, ನಗುತ್ತಿದ್ದವರ ಮುಖಗಳನ್ನು ಒಮ್ಮೆ ನೋಡಿ, ತಾವೂ ಸ್ವಲ್ಪ ನಕ್ಕಂತೆ ಮಾಡಿದರು. “ಬಿಸಿಲು ಇಳೀತು, ಹೊಲದ ಕಡೆ ಹೋಗಿ ಬರ್ತೀನಿ” ಎಂದು ಟವೆಲು ಕೊಡವಿಕೊಂಡು ಎದ್ದರು. ಅವರಿಗೆ ಕೇಳಿಸಲಿಲ್ಲವೆಂದು ನಾವು ಅಂದುಕೊಂಡೆವು.

ಈಗ ಸತ್ಯಾಂಶವನ್ನು ಹೇಳಬೇಕು. ಕಾಕಾ ಅಂದು ಹೇಳಿದುದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ.

ಯುದ್ಧಕಾಲದಲ್ಲಿ ಅಮೆರಿಕವು ತನ್ನ ಮಿತ್ರರಾಷ್ಟ್ರಗಳಿಗೆ ಕಡ-ಗುತ್ತಿಗೆಯ ಕಾನೂನಿನ ಮೇರೆಗೆ ಯುದ್ಧಸಾಮಗ್ರಿಯನ್ನು ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಆ ವಿಮಾನಗಳನ್ನು ಮರಳಿಸಬೇಕು, ಇಲ್ಲವೇ ಹಣ ಕೊಡಬೇಕು, ಎರಡೂ ಆಗದಿದ್ದರೆ ನಾಶಮಾಡಬೇಕು. ಪೂರ್ವದೇಶಗಳಲ್ಲಿ ಹಾರಾಡಿದ್ದ ಬ್ರಿಟಿಷ್ ಲಿಬರೇಟರುಗಳನ್ನು ಹೀಗಾಗಿ ಕಾನ್ಪುರದ ಚಕೇರಿ ನೆಲೆಗೆ ತಂದು ಸಾಲಾಗಿ ನಿಲ್ಲಿಸಿದರು. ಅವು ಮತ್ತೆ ಹಾರಬಾರದೆಂದು ಸಲಿಕೆ, ಸುತ್ತಿಗೆಗಳಿಂದ ಉಪಕರಣಗಳನ್ನು ಜಜ್ಜಿದರು; ಬುಲ್ಡೋಜರುಗಳಿಂದ ಮೈಯನ್ನು ಕೆಡಿಸಿದರು; ಇಂಜಿನ್ನುಗಳಿಗೆ ಮರಳು ಸುರಿದರು. ಬಿಸಿಲು ಮಳೆಗಳಲ್ಲಿ ಆ ಸಾಲು ಹಾಗೆಯೇ ನಿಂತಿತು. ಹುಲ್ಲು ಬೆಳೆಯಿತು.

ಸ್ವಾತಂತ್ರ್ಯ ಬಂತು, ದೇಶವು ಹೋಳಾಯಿತು, ಕಾಶ್ಮೀರದಲ್ಲಿ ಯುದ್ಧ ಮೊದಲಾಯಿತು. ಭಾರತದ ವಾಯುಪಡೆಯ ಬಳಿ ಒಂದಾದರೂ ಭಾರೀ ಬಾಂಬರ್ ಇರಲಿಲ್ಲ. ಹೊರಗಿನಿಂದ ಕೊಳ್ಳಲು ಹಣವಾಗಲಿ ಸಮಯವಾಗಲಿ ಇರಲಿಲ್ಲ. ಆಗ ದೃಷ್ಟಿಯು ಕಾನ್ಪುರದ ಗುಜರಿಯ ಕಡೆಗೆ ಹೊರಳಿತು. 1948ರಲ್ಲಿ ಬೆಂಗಳೂರಿನ ಕಾರ್ಖಾನೆಯ ತಂಡವು ಅಲ್ಲಿಗೆ ಹೋಯಿತು. ಆ ತಂಡದ ಜೊತೆಗೆ ಇಪ್ಪತ್ತಮೂರು ವರ್ಷದ ನಮ್ಮ ಕಾಕಾ ಹೋದರು.

ಒಡೆದುದನ್ನು ಕೂಡಿಸಿದ ಬಗೆ ಹೇಗೆಂದು ಕೇಳಬಹುದು. ನಾಶಮಾಡಿದವರು ಎಲ್ಲ ವಿಮಾನಗಳನ್ನು ಒಂದೇ ಜಾಗದಲ್ಲಿ ಒಡೆದಿರಲಿಲ್ಲ. ಒಂದರ ಬಾಲ ಕೆಟ್ಟಿದ್ದರೆ ಇನ್ನೊಂದರ ಮೂಗು ಕೆಟ್ಟಿತ್ತು. ಒಂದರಿಂದ ಬಿಚ್ಚಿ ಮತ್ತೊಂದಕ್ಕೆ ಹಾಕುತ್ತ ಹೋದರೆ ಕೆಲವಾದರೂ ನೆಟ್ಟಗಾಗುತ್ತವೆ. ಹಳೆಯ ಎರಡು ಚಕ್ಕಡಿಗಳಿಂದ ಒಂದು ಚಕ್ಕಡಿ ಮಾಡುವ ಬಡಿಗನ ಲೆಕ್ಕವೇ ಇದು. ಇನ್ನೊಂದು ಅನುಕೂಲವೂ ಇತ್ತು, ಅದನ್ನು ನಾವು ಬಹಳ ತಡವಾಗಿ ಅರಿತೆವು. ಲಿಬರೇಟರಿನ ನಾಲ್ಕೂ ಇಂಜಿನ್ನುಗಳು ಪ್ರಾಟ್ ಅಂಡ್ ವಿಟ್ನಿ ಕಂಪನಿಯ ‘ಟ್ವಿನ್ ವಾಸ್ಪ್’ ಜಾತಿಯವು. ಏಳೇಳರಂತೆ ಎರಡು ಸುತ್ತಿನಲ್ಲಿ ಹದಿನಾಲ್ಕು ಸಿಲಿಂಡರು, ಗಾಳಿಯಿಂದಲೇ ತಂಪಾಗುವಂಥದು, ಒಂದೊಂದಕ್ಕೆ ಸುಮಾರು 1200 ಕುದುರೆಗಳ ಬಲ. ಡಕೋಟಾದ ಇಂಜಿನ್ನೂ ಅದೇ ಕುಲದ್ದು. ಬೆಳ್ಳಂದೂರಿನಲ್ಲಿ ಇಳಿಯುತ್ತಿದ್ದ ಕ್ಯಾಟಲೀನಾದ್ದೂ ಅದೇ ಕುಲದ್ದು. ಯುದ್ಧದುದ್ದಕ್ಕೂ ಬೆಂಗಳೂರಿನ ಮಿಸ್ತ್ರಿಗಳು ಅವುಗಳನ್ನು ಬಿಚ್ಚಿ ಕೂಡಿಸಿ ಕೈ ಪಳಗಿಸಿದ್ದರು. ಹಾಗಾಗಿ ಕಾನ್ಪುರದಲ್ಲಿ ಮರಳು ತುಂಬಿದ ಇಂಜಿನ್ನಿನ ಮುಚ್ಚಳ ತೆಗೆದಾಗ ಅವರು ಕಂಡದ್ದು ಹಳೆಯ ಪರಿಚಯದ ಮುಖವನ್ನು. ‘ಅಂಥಾವೇ ನಾಕು ಹಾಕಿದ್ರ’ ಎಂದು ಕಾಕಾ ಕಟ್ಟೆಯ ಮೇಲೆ ಹೇಳಿದ ಮಾತಿನಲ್ಲಿ ಇಡೀ ಕಥೆಯ ಕೀಲಿಕೈ ಇತ್ತು. ತರ್ಕಶಾಸ್ತ್ರ ಓದಿದ ನಮಗೆ ಅದು ಹೊಳೆಯಲಿಲ್ಲ.

ಕಾನ್ಪುರದಲ್ಲಿ ಮಾಡಿದ್ದು ಹಾರಲು ಬೇಕಾದಷ್ಟು ಮಾತ್ರದ ದುರಸ್ತಿ. ಪೂರ್ಣ ಜೀರ್ಣೋದ್ಧಾರವು ಬೆಂಗಳೂರಿನಲ್ಲಿಯೇ ಆಗಬೇಕು. ಅಷ್ಟು ದೂರ ಆ ತೇಪೆ ಹಾಕಿದ ವಿಮಾನಗಳನ್ನು ಹಾರಿಸಿ ತಂದವರು ಕಂಪನಿಯ ಪರೀಕ್ಷಾ ಚಾಲಕರಾದ ಕ್ಯಾಪ್ಟನ್ ಜಮ್‌ಶೆಡ್ ಮುನ್ಶಿ. ಜಿಮ್ಮಿ ಮುನ್ಶಿ ಎಂದೇ ಹೆಸರಾದವರು. ಮುಂದೆ 1951ರಲ್ಲಿ, ವಿ. ಎಂ. ಘಾಟಗೆಯವರ ತಂಡವು ರೂಪಿಸಿದ ದೇಶದ ಸ್ವಂತ ತರಬೇತಿ ವಿಮಾನ ಎಚ್‌ಟಿ-2 ಅನ್ನು ಮೊಟ್ಟಮೊದಲು ಹಾರಿಸಿದವರೂ ಇವರೇ. ಮುನ್ಶಿ ಸಾಹೇಬರು ವಿಮಾನ ಏರುವ ಮುನ್ನ ಅದರ ಸುತ್ತ ಒಂದು ಸುತ್ತು ನಡೆದು, ರಿವೆಟ್ಟಿನ ಸಾಲಿನ ಮೇಲೆ ಹೆಬ್ಬೆರಳು ಎಳೆದು ನೋಡುತ್ತಿದ್ದರೆಂದು ಕಾಕಾ ಹೇಳಿದ್ದುಂಟು. ಒಳಗೆ ಕುಳಿತು ಕಬ್ಬಿಣ ಒತ್ತಿ ಹಿಡಿದಿದ್ದ ಹುಡುಗನಿಗೆ ಆ ಹೆಬ್ಬೆರಳಿನ ನಡಿಗೆಯನ್ನು ನೋಡುತ್ತ ನಿಲ್ಲುವಾಗ ಏನೆನಿಸಿರಬಹುದು! ಸುಖಾಸನದಲ್ಲಿ ಕುಳಿತು ಬರೆಯುವ ನಾವು ಒಂದು ಅಕ್ಷರ ತಪ್ಪಿದರೆ ಅಚ್ಚಿನ ಕರಡು ತಿದ್ದುವವರು ತಿದ್ದುತ್ತಾರೆ. ಅಲ್ಲಿ ಹಾಗಿರಲಿಲ್ಲ.

1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಈ ಲಿಬರೇಟರುಗಳಿಂದಲೇ ಕಾನ್ಪುರದಲ್ಲಿ ರೂಪುಗೊಂಡಿತು. ಒಟ್ಟು 42 ವಿಮಾನಗಳು ಬೆಂಗಳೂರಿನ ಕೈಯಿಂದ ಹೊಸ ಜೀವ ಪಡೆದವು. 1951ರಿಂದ ಪುಣೆಯ 6ನೆಯ ಸ್ಕ್ವಾಡ್ರನ್ ಅವನ್ನು ಸಮುದ್ರದ ಕಾವಲಿಗೆ ಬಳಸಿತು. ಅವು ನಿವೃತ್ತಿಯಾದದ್ದು 1968ರ ಡಿಸೆಂಬರ್ 31ರಂದು. ಜಗತ್ತಿನಲ್ಲಿ ಹದಿನೆಂಟು ಸಾವಿರಕ್ಕೂ ಮೀರಿ ತಯಾರಾದ ಲಿಬರೇಟರುಗಳನ್ನು ಎಲ್ಲ ದೇಶಗಳ ಸೇನೆಗಳು ಬಿಟ್ಟುಕೊಟ್ಟ ಮೇಲೂ ಉಳಿಸಿಕೊಂಡು ಹಾರಿಸಿದವರು ಭಾರತೀಯರು, ಅದೂ ನಾಶವಾಯಿತೆಂದು ಲೆಕ್ಕ ಬರೆದುಹೋದ ವಿಮಾನಗಳನ್ನು, ಇಪ್ಪತ್ತು ವರ್ಷ.

ಬಾಂಬು ಹಾಕುವ ಯಂತ್ರದ ಬಗೆಗೆ ಇಷ್ಟೊಂದು ಹಿಗ್ಗು ಈ ಪತ್ರಿಕೆಯ ಪುಟಗಳಲ್ಲಿ ತಕ್ಕುದೇ ಎಂದು ಕೆಲವು ವಾಚಕರು ಆಕ್ಷೇಪಿಸಬಹುದು. ಆ ಸಂಕೋಚವು ನಮಗೂ ಇದೆ. ಕಾಕಾನಿಗೂ ಇತ್ತೆಂದು ತೋರುತ್ತದೆ. ಹೊಟ್ಟೆಯ ಬಾಗಿಲಿನ ವಿಷಯ ಹೇಳುತ್ತಿದ್ದರೇ ಹೊರತು ಅದರಿಂದ ಏನು ಬಿತ್ತು, ಯಾರ ಮೇಲೆ ಬಿತ್ತು ಎಂಬುದನ್ನು ಎಂದೂ ಹೇಳಲಿಲ್ಲ. ಆ ಪ್ರಶ್ನೆಯನ್ನು ಕೇಳದೆ ಪ್ರಮಾಣವನ್ನು ಕೇಳಿದೆವಲ್ಲ, ಅದು ನಮ್ಮ ದೌರ್ಭಾಗ್ಯ.

ಕಟ್ಟೆಯ ಮೇಲಿನ ಆ ಸಂಜೆಯಾದ ಮರುವರ್ಷವೇ ನಾವು ಉನ್ನತ ವ್ಯಾಸಂಗಕ್ಕೆಂದು ಬೆಂಗಳೂರಿಗೆ ಹೋಗಬೇಕಾಯಿತು. ವಸತಿಗೆ ಬೇರೆ ದಾರಿಯಿರಲಿಲ್ಲ. ವಿಮಾನಪುರದ ಸಮೀಪದಲ್ಲಿದ್ದ ಕಾಕಾನ ಎರಡು ಕೋಣೆಯ ಮನೆಯಲ್ಲಿ ಎರಡು ವರ್ಷ ಉಂಡು ಮಲಗಿದೆವು. ಊರಿನಿಂದ ಬಂದ ಜೋಳದ ಹಿಟ್ಟಿನಲ್ಲಿ ಚಿಗವ್ವ ರೊಟ್ಟಿ ಬಡಿದು ಮೊದಲು ನಮಗೆ ನೀಡುತ್ತಿದ್ದರು. ಸಂಜೆ ಕಾಕಾ ಪಾಳಿ ಮುಗಿಸಿ ಬಂದು, ಕೈಕಾಲು ತೊಳೆದು, ಕಾರ್ಖಾನೆಯ ಹೊರಗೋಡೆಯ ಗುಂಟ ನಡೆಯಲು ಕರೆಯುತ್ತಿದ್ದರು. ಆಗ ಆ ವಿಮಾನ ಕ್ಷೇತ್ರವು ಇಂದಿನವರು ಊಹಿಸುವಂತಿರಲಿಲ್ಲ. ಕಾರ್ಖಾನೆಯ ಪರೀಕ್ಷಾ ಹಾರಾಟ, ವಾಯುಪಡೆಯ ಕೆಲಸ, ಊರಿನ ಪ್ರಯಾಣಿಕರ ಓಡಾಟ, ಎಲ್ಲಕ್ಕೂ ಒಂದೇ ಪಟ್ಟಿ. ಒಂದೆಡೆ ಹೊಸ ಅಜಿತ್, ಕಿರಣ್ ವಿಮಾನಗಳು ಕೂಗುತ್ತ ಮೇಲೇಳುತ್ತಿದ್ದರೆ, ಇನ್ನೊಂದೆಡೆ ಗೋಡೆಯಾಚೆಯ ಹುಲ್ಲಿನಲ್ಲಿ ಎಮ್ಮೆಗಳು ಮೇಯುತ್ತಿದ್ದವು. ಅಪರೂಪಕ್ಕೆ ವಾಯುಪಡೆಯ ಡಕೋಟಾ ಬಂದರೆ ಕಾಕಾ ನಿಂತುಬಿಡುತ್ತಿದ್ದರು. ಅದು ಇಳಿದು, ತಿರುಗಿ, ಇಂಜಿನ್ನು ಆರಿಸಿ, ಪಂಖದ ಕೊನೆಯ ಸುತ್ತು ನಿಲ್ಲುವವರೆಗೆ ನಿಲ್ಲುತ್ತಿದ್ದರು.

ಆ ಎರಡು ವರ್ಷಗಳಲ್ಲಿ ಅವರು ಲಿಬರೇಟರಿನ ಹೆಸರೆತ್ತಲಿಲ್ಲ. ನಾವೂ ಎತ್ತಲಿಲ್ಲ. 1983ರಲ್ಲಿ ಅವರು ನಿವೃತ್ತರಾಗಿ ಊರಿಗೆ ಮರಳಿದರು, 1996ರಲ್ಲಿ ತೀರಿಕೊಂಡರು. ಅವರ ಅಂತ್ಯಕ್ರಿಯೆಯಲ್ಲಿ ನಾಲ್ಕು ಮಾತು ಆಡುವ ಭಾಗ ನಮ್ಮದಾಗಿತ್ತು. ಸರಳ ಜೀವಿ, ದುಡಿದು ಉಂಡವರು ಎಂದೆಲ್ಲ ಹೇಳಿದೆವು. ಕಾನ್ಪುರದ ಮಾತು ನಾಲಿಗೆಯವರೆಗೆ ಬಂದು, ಖಚಿತವಲ್ಲದ್ದನ್ನು ಸಭೆಯಲ್ಲಿ ಆಡಬಾರದೆಂದು ನುಂಗಿಕೊಂಡೆವು.

2015ರ ನವೆಂಬರ್ 14ರಂದು ಲಂಡನ್ ನಗರದಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ ಬಸವಣ್ಣನವರ ಪ್ರತಿಮೆಯ ಅನಾವರಣವಾದುದನ್ನು ಎಲ್ಲರೂ ಬಲ್ಲರು. ಆ ಸಂದರ್ಭಕ್ಕೆ ಹೋದ ಬಂಧುಗಳೊಡನೆ ನಾವೂ ಇದ್ದೆವು. ಸಮಾರಂಭದ ಮೂರನೆಯ ದಿನ, ನಾವು ಇಳಿದುಕೊಂಡಿದ್ದ ಮನೆಯ ಹನ್ನೊಂದು ವರ್ಷದ ಹುಡುಗನು ನಮ್ಮನ್ನು ಹೆಂಡನ್‌ನಲ್ಲಿರುವ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೆ ಎಳೆದುಕೊಂಡು ಹೋದನು. ಚಳಿಗೆ ಬೇಸತ್ತಿದ್ದ ನಮಗೆ ಒಳಗೆ ಬೆಚ್ಚಗಿರಬಹುದೆಂಬ ಆಸೆಯೇ ಮುಖ್ಯವಾಗಿತ್ತು. ಬಾಂಬರ್ ವಿಮಾನಗಳ ಆ ಮಬ್ಬುಗತ್ತಲೆಯ ಸಭಾಂಗಣದಲ್ಲಿ ನಡೆಯುತ್ತಿರುವಾಗ ಹುಡುಗನು ಒಂದು ಫಲಕವನ್ನು ಓದಿ, ‘ಅಜ್ಜಾ, ಇದು ಲಿಬರೇಟರ್’ ಎಂದನು.

ನಾವು ನಿಂತೆವು. ಅವಳಿ ಬಾಲದ, ಉದ್ದನೆಯ ಕಿರಿದಾದ ರೆಕ್ಕೆಗಳ, ನೆಲಕ್ಕೆ ಹೊಟ್ಟೆ ತಾಗಿಸುವಂತೆ ತಗ್ಗಾಗಿ ನಿಂತ ದೊಡ್ಡ ವಿಮಾನ. ಅಲ್ಲಿ ಸ್ವಯಂಸೇವಕರಾಗಿದ್ದ ಎಂಬತ್ತರ ಆಸುಪಾಸಿನ ವೃದ್ಧರೊಬ್ಬರು ನಮ್ಮ ವೇಷವನ್ನು ಕಂಡು ಹತ್ತಿರ ಬಂದು, ಭಾರತದವರೇ ಎಂದು ವಿಚಾರಿಸಿದರು. ಹೌದೆಂದಾಗ ಅವರ ಮುಖ ಅರಳಿತು. ಈ ವಿಮಾನವು ನಿಮ್ಮದೇ ಎಂದರು. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ವಿಲ್ಲೋ ರನ್ ಕಾರ್ಖಾನೆಯಲ್ಲಿ ಹುಟ್ಟಿ, ಬ್ರಿಟಿಷರ 99ನೆಯ ಸ್ಕ್ವಾಡ್ರನ್ನಿನಲ್ಲಿ ಹಿಂದೂ ಮಹಾಸಾಗರದ ಕೋಕೋಸ್ ದ್ವೀಪಗಳಿಂದ ಹಾರಿ, ಕಾನ್ಪುರದಲ್ಲಿ ತ್ಯಜಿಸಲ್ಪಟ್ಟು, ಭಾರತದ ವಾಯುಪಡೆಯಲ್ಲಿ ಎಚ್‌ಇ-807 ಎಂಬ ಸಂಖ್ಯೆಯಿಂದ ಮತ್ತೆ ಹಾರಿದ್ದು ಇದು. ಭಾರತವು ಇದನ್ನು ಉಡುಗೊರೆಯಾಗಿ ಕೊಟ್ಟಿತು. ಹಡಗಿನಲ್ಲಿ ಬಂದದ್ದಲ್ಲ, 1974ರ ಜುಲೈ ತಿಂಗಳಲ್ಲಿ ತನ್ನ ನಾಲ್ಕು ಇಂಜಿನ್ನುಗಳ ಬಲದಿಂದಲೇ ಹಾರಿ ಇಂಗ್ಲೆಂಡಿಗೆ ಬಂತು. ಒಡೆದುಹೋದವರ ಊರಿಗೇ!

ಇದೊಂದೇ ಅಲ್ಲವೆಂದು ಅನಂತರ ತಿಳಿಯಿತು. ಕೆನಡಾದವರು 1968ರಲ್ಲಿ ಒಂದು ಲೈಸಾಂಡರ್ ವಿಮಾನವನ್ನು ಭಾರತಕ್ಕೆ ಕೊಟ್ಟು ಬದಲಿಗೆ ಒಂದು ಲಿಬರೇಟರನ್ನು ಪಡೆದರು. ಇನ್ನೊಂದು 1969ರಲ್ಲಿ ಅಮೆರಿಕದ ಅರಿಜೋನಾ ಪ್ರಾಂತಕ್ಕೆ ಹಾರಿಹೋಯಿತು. ಮತ್ತೊಂದು ದಿಲ್ಲಿಯ ಪಾಲಂ ಸಂಗ್ರಹಾಲಯಕ್ಕೆ ಸೇರಿತು. ಸೇವೆಯಿಂದ ಬಿಟ್ಟು ಬಹಳ ವರ್ಷ ಹಾಗೆಯೇ ನಿಂತಿದ್ದ ಇನ್ನೊಂದನ್ನು 1980ರ ದಶಕದಲ್ಲಿ ಮೊದಲು ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ಒಯ್ದು, 1989ರಲ್ಲಿ ಮತ್ತೆ ಹಾರಿಸಿದರು. ಸಹಸ್ರಗಟ್ಟಲೆ ಲಿಬರೇಟರುಗಳು ಕರಗಿ ಪಾತ್ರೆಪಡಗಗಳಾದ ಮೇಲೆ, ಉಳಿದ ಬೆರಳೆಣಿಕೆಯವುಗಳಲ್ಲಿ ಇಷ್ಟೊಂದು ನಮ್ಮ ಕಡೆಯಿಂದ ಹೋದವು. ಡಕೋಟಾದ ಭಾಗ್ಯವು ಇದಕ್ಕೆ ತಿರುಗುಮುರುಗಾದುದು: ಇಂಗ್ಲೆಂಡಿನಲ್ಲಿ ಸಿದ್ಧಗೊಂಡ ಹಳೆಯ ಡಕೋಟಾ ಒಂದು 2018ರ ಏಪ್ರಿಲಿನಲ್ಲಿ ‘ಪರಶುರಾಮ’ ಎಂಬ ಹೆಸರಿನಿಂದ ಭಾರತಕ್ಕೆ ಹಾರಿಬಂತು. 1947ರ ಅಕ್ಟೋಬರ್ 27ರಂದು ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಇಳಿದ ಡಕೋಟಾದ ಸಂಖ್ಯೆಯನ್ನೇ, ಅಂದರೆ ವಿಪಿ-905 ಎಂಬುದನ್ನೇ, ಅದಕ್ಕೂ ಬರೆದಿದ್ದಾರೆ. ಆ ಸುದ್ದಿಯ ಚಿತ್ರವನ್ನು ದೂರದರ್ಶನದಲ್ಲಿ ನೋಡುವಾಗ ನಮ್ಮ ಅಂಗೈ ನಮಗರಿವಿಲ್ಲದೆ ಎದೆಯ ಮೇಲೆ ಹೋಗಿತ್ತು.

ಇರಲಿ, ಹೆಂಡನ್ನಿನ ಸಭಾಂಗಣಕ್ಕೆ ಮರಳೋಣ. ನಾವು ಆ ವೃದ್ಧರನ್ನು ಒಂದೇ ಮಾತು ಕೇಳಿದೆವು: ಇದರ ಹೊಟ್ಟೆಯ ಬಾಗಿಲು ಹೇಗೆ ತೆರೆಯುತ್ತದೆ? ಅವರು ಕಷ್ಟಪಟ್ಟು ಸೊಂಟ ಬಗ್ಗಿಸಿ ನಮ್ಮನ್ನೂ ಬಗ್ಗಿಸಿ ಕೆಳಭಾಗವನ್ನು ತೋರಿಸಿದರು. ಅಡ್ಡಡ್ಡ ಏಣುಗಳುಳ್ಳ ತೆಳುವಾದ ಬಾಗಿಲು. ಅದು ಹಳಿಯ ಮೇಲೆ ಸರಿದು ಹೊರಪಕ್ಕೆಗೆ ಬಾಗಿ ಏರುತ್ತದೆ. ವಿಮಾನದ ಹೊಟ್ಟೆ ನೆಲಕ್ಕೆ ಇಷ್ಟು ಹತ್ತಿರವಿರುವಾಗ ಕೆಳಮುಖವಾಗಿ ತೆರೆಯುವ ಕದಕ್ಕೆ ಎಡೆಯೆಲ್ಲಿ? ಆಕಾಶದಲ್ಲಿ ತೆರೆದರೂ ಗಾಳಿಯ ತಡೆ ಕಡಿಮೆ. ಹೀಗೆಂದು ವಿವರಿಸುತ್ತ ಅವರು ಎರಡೂ ಕೈಗಳನ್ನು ಎತ್ತಿ, ಪಕ್ಕಕ್ಕೆ ಸುತ್ತಿ ಮೇಲಕ್ಕೆ ಏರಿಸಿ ತೋರಿಸಿದರು. ಮೂವತ್ತೇಳು ವರ್ಷಗಳ ಹಿಂದೆ ನಮ್ಮೂರ ಕಟ್ಟೆಯ ಮೇಲೆ ಎತ್ತಿದ ಕೈಗಳು ಹಾಗೆಯೇ ಇದ್ದವು. ಹುಡುಗನು ನಮ್ಮ ಮುಖ ನೋಡಿ, ಅಜ್ಜನಿಗೆ ಚಳಿ ಹತ್ತಿತೆಂದು ತಿಳಿದು ಹೊರಡೋಣವೆಂದನು. ನಾವು ರಿವೆಟ್ಟಿನ ಒಂದು ಸಾಲಿನ ಹತ್ತಿರ ಹೆಬ್ಬೆರಳು ಒಯ್ದೆವು. ಮುಟ್ಟಬಾರದೆಂಬ ಫಲಕವಿತ್ತು. ಮುಟ್ಟಲಿಲ್ಲ.

ಡಿಸೆಂಬರಿನಲ್ಲಿ ಊರಿಗೆ ಹೋದೆವು. ಚಿಗವ್ವನಿಗೆ ಆಗ ಎಂಬತ್ತು ದಾಟಿತ್ತು. ಕಣ್ಣು ಮಂಜಾಗಿದ್ದರೂ ಮಾತು ಚುರುಕು. ಪಡಸಾಲೆಯಲ್ಲಿ ಅವರ ಮುಂದೆ ಕುಳಿತು ಲಂಡನ್ನಿನಲ್ಲಿ ಕಂಡದ್ದನ್ನೆಲ್ಲ ಹೇಳಿದೆವು. ಕಟ್ಟೆಯ ಮೇಲಿನ ಸಂಗತಿಯನ್ನೂ ಮುಚ್ಚಿಡದೆ ಹೇಳಿ, ಅಂದು ಆಡಿದ್ದು ದೊಡ್ಡ ತಪ್ಪು, ಪುಣ್ಯಕ್ಕೆ ಕಾಕಾನಿಗೆ ಕೇಳಿಸಿರಲಿಲ್ಲ ಎಂದೆವು.

ಚಿಗವ್ವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಕೇಳಿತ್ತೋ ತಮ್ಮಾ. ಅವರಿಗೆ ಹೋಗಿದ್ದು ಎಡಗಿವಿ. ಬಲಗಿವ್ಯಾಗ ಒಂದೀಟು ಉಳದಿತ್ತು. ನೀ ಬಲಕ್ಕ ಕುಂತಿದ್ದಿ ಅಂತ ಹೇಳಿದ್ರು. ಆ ರಾತ್ರಿ ರೊಟ್ಟಿ ಮುಟ್ಟಲಿಲ್ಲ.”

ಆಮೇಲೆ ನಾವು ಅವರ ಮನೆಯಲ್ಲಿ ಉಂಡ ಎರಡು ವರ್ಷಗಳ ರೊಟ್ಟಿ ನಮ್ಮ ಕಣ್ಣ ಮುಂದೆ ಬಂತು. ಏನು ಹೇಳುವುದೆಂದು ತೋರದೆ ಕುಳಿತಿದ್ದಾಗ, ಚಿಗವ್ವನೇ ಕೇಳಿದರು:

“ಹೌದು, ಅದರ ಬಾಗಲಾ ಹ್ಯಾಂಗ ಇತ್ತು? ನೋಡಿದಿ ಏನು?”

“ಅಂಗಡಿ ಶಟರ್ ಇದ್ದಂಗ ಐತಿ ಚಿಗವ್ವಾ” ಎಂದೆವು.

“ಹಾಂ, ಅವರೂ ಹಂಗ ಅಂತಿದ್ರು” ಎಂದು, ಗೋಡೆ ಹಿಡಿದು ಎದ್ದು, ಚಹಾಕ್ಕೆ ಇಡಲು ಒಳಗೆ ಹೋದರು.